ನಲವತ್ತೊಂದು ಜನರ ಅಳತೆ

ಭಾನುವಾರ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಗೋಡೆ ಒರೆಸಿದವಳು ನಾನೇ. ಅವಳು ಅಂದು ಆಸ್ಪತ್ರೆಗೆ ಹೋಗಿದ್ದಳು, ನರ್ಸುಗಳ ಯೂನಿಫಾರ್ಮಿಗೆ ಅಳತೆ ತೆಗೆಯಲು. ಮಕ್ಕಳನ್ನು ಅವರಪ್ಪನ ಬಳಿ ಬಿಟ್ಟು ಬಂದಿದ್ದೆ. ಸುಮ್ಮನೆ ಕೂರಲು ಬರದ ಕೈ ನನ್ನದು. ನೆಲ ಗುಡಿಸಿದೆ, ದಾರದ ಚೂರು ಆರಿಸಿದೆ, ಮೆಷಿನ್ ಪಕ್ಕದ ಗೋಡೆಯ ತುಂಬ ಸೀಮೆಸುಣ್ಣದಲ್ಲಿ ದಪ್ಪದಪ್ಪಗೆ ಬರೆದಿದ್ದ ಅಂಕಿಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದೆ. ಹಳೇ ಗಿರಾಕಿಗಳ ಹಳೇ ಲೆಕ್ಕ ಅಂದುಕೊಂಡೆ. ಸಂಜೆ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಅಯ್ಯೋ ಪುಟ್ಟಿ, ನಾನು ಬೇರೆ ಯಾರದೋ ಅಂಗಡಿಗೆ ಬಂದೆನಾ?" ಅಂದಿದ್ದಳು. ಅದನ್ನು ಹೊಗಳಿಕೆ ಅಂತಲೇ ತಿಳಿದು ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಅವಳೇ.

"ಪಕ್ಕದ ಗಡಿಯಾರ ರಿಪೇರಿಯವರ ಫೋನಿಂದ ಮಾತಾಡ್ತಿದೀನಿ ಕಣೇ. ನನ್ನ ಫೋನು ತೆರೆಯೋಕೆ ನಂಬರ್ ಕೇಳ್ತಿದೆ."

"ಬೆರಳಿಡು ಚಿಕ್ಕಮ್ಮ."

"ಬೆರಳಿಗೆ ಬಗ್ಗಲ್ಲ ಅದು. ಮೂರು ದಿನಕ್ಕೊಂದ್ಸಲ ನಂಬರ್ ಹಾಕು ಅಂತ ಹಟ ಹಿಡಿಯುತ್ತೆ. ನಾನು ಗೋಡೆ ನೋಡ್ಕೊಂಡು ಹಾಕ್ತಿದ್ದೆ."

ಸೌಟು ಕೈಯಲ್ಲೇ ನಿಂತಿತು. "ಯಾವ ಗೋಡೆ?" ಅಂತ ಕೇಳುವ ಅಗತ್ಯ ನನಗಿರಲಿಲ್ಲ.

ಮಕ್ಕಳನ್ನು ಶಾಲೆಗೆ ಕಳಿಸಿ, ಎರಡು ಬಸ್ಸು ಬದಲಿಸಿ ಅಂಗಡಿ ತಲುಪುವಾಗ ಹತ್ತೂವರೆ. ಚಿಕ್ಕಮ್ಮ ಫೋನನ್ನು ಕತ್ತರಿಸುವ ಮೇಜಿನ ಮೇಲಿಟ್ಟು, ಜ್ವರ ಬಂದ ಮಗುವನ್ನು ನೋಡುವಂತೆ ನೋಡುತ್ತಿದ್ದಳು. ಅಷ್ಟರಲ್ಲಿ ಏಳು ಸಲ ತಪ್ಪು ನಂಬರ್ ಹಾಕಿದ್ದಳಂತೆ.

"ತಲೇಲಿ ಒಂಚೂರೂ ಇಲ್ವಾ? ನಾಲ್ಕು ವರ್ಷದಿಂದ ಹಾಕ್ತಿದೀಯಲ್ಲ."

"ಗೋಡೆ ಮೇಲಿರೋದನ್ನ ತಲೇಲಿ ಯಾಕೆ ಹೊರಲಿ? ನಾಲ್ಕು ಅಂಕಿ. ಮೂರು ಎರಡು ಸಲ ಬರ್ತಿತ್ತು ಅನ್ಸುತ್ತೆ. ನಂಬರ್ ಇಟ್ಟುಕೊಟ್ಟವಳು ನೀನಲ್ವೇನೇ? ನಿಂಗೂ ನೆನಪಿಲ್ವಾ?"

ಇಲ್ಲ. ಮನೆಯಲ್ಲಿ ಎಲ್ಲರ ಫೋನಿಗೂ ನಂಬರ್ ಇಡುವವಳು ನಾನು. ಗಂಡನ ಬ್ಯಾಂಕಿನದು, ಮಕ್ಕಳ ಶಾಲೆಯದು, ಅತ್ತೆಯದು, ಎಲ್ಲ ಸೇರಿ ಕಲಸಿದ ಹಿಟ್ಟಿನಂತಾಗಿದೆ ತಲೆ. ಮಕ್ಕಳ ಹುಟ್ಟಿದ ದಿನ ಹಾಕಿ ನೋಡಿದೆ. ತಪ್ಪು. ಐದು ನಿಮಿಷ ಕಾಯಿರಿ ಅಂದಿತು. ಅವಳ ಮದುವೆಯ ವರ್ಷ ಹಾಕಿದೆ. ಅರ್ಧ ಗಂಟೆ ಕಾಯಿರಿ ಅಂದಿತು.

ಆ ಅರ್ಧ ಗಂಟೆಯಲ್ಲಿ ಬೀದಿಯ ತುದಿಯ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನು ಫೋನನ್ನು ಹಿಂದೆಮುಂದೆ ತಿರುಗಿಸಿ, "ಎಲ್ಲಾ ಅಳಿಸಿ ಹೊಸದರ ಥರ ಮಾಡ್ಕೊಡ್ತೀನಿ ಅಮ್ಮ, ಹತ್ತು ನಿಮಿಷ" ಅಂದ.

"ಅಳಿಸಿದ್ರೆ ಒಳಗಿರೋದು?"

"ಒಳಗಿರೋದೂ ಹೋಗುತ್ತೆ. ಬೇರೆ ದಾರಿ ಇಲ್ಲ. ನಂಬರ್ ಬರ್ಕೊಳ್ಳೋದಲ್ವಾ ಅಮ್ಮ?"

"ನಾನೇ ಮರೆತೆ ಕಣಪ್ಪ. ವಯಸ್ಸಾಯ್ತು" ಎಂದು ಚಿಕ್ಕಮ್ಮ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಂಗಡಿಗೆ ಮರಳಿ ಬಂದು ಕೂತಾಗಲೇ ವಿಷಯ ಪೂರ್ತಿ ಹೊರಬಂದದ್ದು. ನಲವತ್ತೊಂದು ನರ್ಸುಗಳ ಅಳತೆ ಇದ್ದದ್ದು ಪುಸ್ತಕದಲ್ಲಲ್ಲ, ಆ ಫೋನಿನಲ್ಲಿ. ಅಳೆಯುತ್ತಾ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟಿದ್ದಳು.

"ಬರ್ಕೊಳ್ಳೋದು ಬಿಟ್ಟು ಎಷ್ಟು ದಿನ ಆಯ್ತು?"

"ಕಳೆದ ವರ್ಷದಿಂದ. ಸಣ್ಣ ಅಕ್ಷರ ನೀರಲ್ಲಿ ತೇಲಿದಂಗೆ ಕಾಣುತ್ತೆ. ಟೇಪಿನ ಅಂಕಿ ಬೆರಳಿಗೇ ಗೊತ್ತು, ಸೀಮೆಸುಣ್ಣದ ದಪ್ಪ ಗೀಟು ಕಾಣುತ್ತೆ. ಸಾಕಲ್ವಾ?"

"ಕಣ್ಣು ತೋರಿಸಬಾರದಾ ಚಿಕ್ಕಮ್ಮ?"

"ಈ ಕೆಲಸ ಮುಗೀಲಿ ಅಂತಿದ್ದೆ. ನಾಳೆ ಕತ್ತರಿಸೋಕೆ ಶುರು ಮಾಡದಿದ್ರೆ ಹೇಳಿದ ದಿನಕ್ಕೆ ಕೊಡೋಕಾಗಲ್ಲ. ಮತ್ತೆ ಅಳೆಯೋಕೆ ಹೋದ್ರೆ ದೊಡ್ಡ ನರ್ಸಮ್ಮ ಕೇಳ್ತಾರೆ, ಬರೆದಿದ್ದೆಲ್ಲಿ ಅಂತ. ಕಣ್ಣು ಕಾಣದ ಟೈಲರ್ ಕೈಗೆ ಇಷ್ಟು ಬಟ್ಟೆ ಯಾರು ಕೊಡ್ತಾರೆ? ಈಗಲೇ ರೆಡಿಮೇಡ್ ತರಿಸೋಣ ಅಂತ ಅವರ ಬಾಯಲ್ಲಿ ಬಂದಾಗಿದೆ."

ಕಪಾಟಿನಲ್ಲಿ ನೀಲಿ ಬಟ್ಟೆಯ ಥಾನುಗಳನ್ನು ಛಾವಣಿ ಮುಟ್ಟುವಂತೆ ಪೇರಿಸಿಟ್ಟಿತ್ತು. ಗೋಡೆ ಮಾತ್ರ ತೊಳೆದ ತಟ್ಟೆಯಂತೆ ಇತ್ತು.

"ನಂಬರ್ ಇಟ್ಟ ದಿನ ನಾವೇನು ಮಾಡ್ತಿದ್ವಿ, ಅದಾದರೂ ನೆನಪಿದೆಯಾ?" ಅಂತ ಕೇಳಿದೆ.

"ನೀನು ನಿಂತಿದ್ದೆ. ನಾನು ಅಳೀತಿದ್ದೆ. ನಿನ್ನ ಹಸಿರು ಅಂಗಿಗೆ. ಕೈ ಕೆಳಗಿಳಿಸೇ ಅಂದ್ರೆ ಫೋನ್ ಒತ್ತುತ್ತಾ ನಿಂತಿದ್ದೆ."

ಆಗ ಹೊಳೆಯಿತು. ನಾಲ್ಕು ಅಂಕಿ ಹಾಕು ಅಂತ ಫೋನು ಕೇಳಿದಾಗ, ಆ ಕ್ಷಣ ಕಿವಿಗೆ ಬಿದ್ದದ್ದನ್ನೇ ಒತ್ತಿದ್ದೆ. ಚಿಕ್ಕಮ್ಮ ಜೋರಾಗಿ ಹೇಳಿದ ಎದೆ, ಸೊಂಟ.

"ಎಷ್ಟಿತ್ತು ನನ್ನ ಅಳತೆ?"

"ಈಗ ಅಳೆದ್ರೆ ಪ್ರಯೋಜನ ಇಲ್ಲ ಬಿಡು" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಬ್ಬರಿಗೂ ನಗು ಬಂತು; ಬೆಳಗಿನಿಂದ ಅದೇ ಮೊದಲು. ಆಮೇಲೆ ಅವಳು, "ಆ ಅಂಗಿ ಇಲ್ಲೇ ಇದೆ" ಅಂದಳು.

"ಇನ್ನೂ? ಬಿಗಿಯಾಯ್ತು, ಬಿಚ್ಚಿ ಅಗಲ ಮಾಡು ಅಂತ ಕೊಟ್ಟು ವರ್ಷ ಆಯ್ತಲ್ಲ!"

"ಮನೆಯವರ ಬಟ್ಟೆ ಯಾವ ಟೈಲರ್ ಹೇಳಿದ ದಿನಕ್ಕೆ ಕೊಟ್ಟಿದಾಳೆ ಹೇಳು."

ಮೇಜಿನ ಕೆಳಗಿನ ಗಂಟು ಬಿಚ್ಚಿದೆವು. ಅಜ್ಜಿಯ ದಿಂಬಿನ ಚೀಲ, ಮಾವನ ಪ್ಯಾಂಟು, ಅದರಡಿ ನನ್ನ ಹಸಿರು ಅಂಗಿ. ಚಿಕ್ಕಮ್ಮ ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಸವರಿ, ಟೇಪು ಹಿಡಿದಳು. "ಎದೆ ಮೂವತ್ತೆಂಟು. ಸಡಿಲಕ್ಕೆ ಎರಡಿಂಚು ಬಿಡ್ತೀನಿ, ಅಂದ್ರೆ ಮೈ ಮೂವತ್ತಾರು. ಸೊಂಟ ಮೂವತ್ತನಾಲ್ಕು, ಎರಡು ಕಳೆದ್ರೆ ಮೂವತ್ತೆರಡು. ಮೂರು ಎರಡು ಸಲ ಬಂತು ನೋಡು!"

ಅರ್ಧ ಗಂಟೆ ಮುಗಿದಿತ್ತು. ಮೂರು, ಆರು, ಮೂರು, ಎರಡು ಒತ್ತಿದೆ. ತಪ್ಪು. ಒಂದು ಗಂಟೆ ಕಾಯಿರಿ.

ಆ ಒಂದು ಗಂಟೆ ಹೇಗೆ ಕಳೆಯಿತೋ. ಅವಳು ಬಟ್ಟೆಗೆ ಇಸ್ತ್ರಿ ಹಾಕಿದಳು, ನಾನು ಗುಂಡಿ ಎಣಿಸಿ ಡಬ್ಬಿಗೆ ಹಾಕಿದೆ. ತಂದಿದ್ದ ಅನ್ನವನ್ನು ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದೆವು. ಕಣ್ಣೆಳೆಯುತ್ತಿತ್ತು. ಮೂರೂವರೆಗೆ ಮಕ್ಕಳು ಬರುತ್ತಾರೆ. ಬಾಗಿಲು ತೆಗೆಯುವವರಿಲ್ಲದಿದ್ದರೆ ಮೆಟ್ಟಿಲ ಮೇಲೆ ಕೂರುತ್ತಾರೆ.

"ಇನ್ನು ಬಿಡು ಪುಟ್ಟಿ" ಎಂದಳು ಚಿಕ್ಕಮ್ಮ. "ನಾಳೆ ಹೋಗಿ ನರ್ಸಮ್ಮಂಗೆ ನಿಜ ಹೇಳಿಬಿಡ್ತೀನಿ."

"ನಿಜ ಅಂದ್ರೆ, ಗೋಡೆ ಒರೆಸಿದ್ದು ನಾನು."

"ಕಣ್ಣು ಕಾಣದೇ ಇರೋದು ನಂಗಲ್ವಾ?"

ನಾನು ಅಂಗಿಯ ಪಕ್ಕದ ಹೊಲಿಗೆಯನ್ನು ನೋಡುತ್ತಾ ಕೂತಿದ್ದೆ. ಸೊಂಟದ ಹತ್ತಿರ ದಾರ ಎಳೆಎಳೆಯಾಗಿ ಬಿಟ್ಟಿತ್ತು, ಎದೆಯ ಹತ್ತಿರ ಇಲ್ಲ. "ಇದು ಸೊಂಟದಲ್ಲಿ ಮಾತ್ರ ಮೊದಲಿಂದಲೂ ಹಿಡೀತಿತ್ತು ಚಿಕ್ಕಮ್ಮ. ಹೊಲಿದು ಕೊಟ್ಟ ದಿನದಿಂದ."

ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವಳು ಬಂದು ಬೆರಳಿನಿಂದ ಆ ಹೊಲಿಗೆಯನ್ನು ಮುಟ್ಟಿ ನೋಡಿದಳು. "ಹಿಡಿಯದೆ ಏನಾಗುತ್ತೆ? ಆಗ ನಿನ್ನ ಸಣ್ಣವಳಿಗೆ ಎಂಟು ತಿಂಗಳು. ಹೊಟ್ಟೆ ಇಳಿಸೇ ಇಳಿಸ್ತೀನಿ, ಸೊಂಟಕ್ಕೆ ಒಂದಿಂಚೂ ಸಡಿಲ ಬಿಡಬೇಡ ಅಂತ ಕೂತಿದ್ದೆ ನೀನು. ನಾನೂ ಬಿಡಲಿಲ್ಲ."

ಅಂದರೆ ಅಂಗಿಯ ಸೊಂಟವೇ ಆಗಿನ ನನ್ನ ಸೊಂಟ. ಗಂಟೆ ಮುಗಿಯಲು ಇನ್ನೂ ಹನ್ನೊಂದು ನಿಮಿಷವಿತ್ತು. ಮುಗಿದ ಮೇಲೆ ಮೂರು, ಆರು, ಮೂರು, ನಾಲ್ಕು ಒತ್ತಿದೆ.

ತೆರೆಯಿತು.

ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದಲನೇದು ಹಾಕು, ಇದೆಯಾ ನೋಡು." ಹಾಕಿದೆ. ಅವಳದೇ ದನಿ ಕೇಳಿತು: "ಉಸಿರು ಬಿಡಮ್ಮ, ಹೊಟ್ಟೆ ಒಳಗೆ ಎಳ್ಕೋಬೇಡ, ನಾಳೆ ನೀನೇ ಒದ್ದಾಡ್ತೀಯ... ಭುಜ ಹದಿನಾಲ್ಕು... ನಿನ್ನ ಗಂಡನ ಬೆನ್ನು ನೋವು ಹೇಗಿದೆ?... ಎದೆ ನಲವತ್ತು..."

"ಒಬ್ಬೊಬ್ಬರ ಹತ್ರ ಇಷ್ಟು ಮಾತಾ?"

"ಮಾತಾಡಿಸದಿದ್ರೆ ಮೈ ಬಿಗಿ ಹಿಡೀತಾರೆ, ಅಳತೆ ತಪ್ಪುತ್ತೆ."

ಮಕ್ಕಳನ್ನು ಇವತ್ತು ನೀವೇ ಕರೆತನ್ನಿ ಎಂದು ಗಂಡನಿಗೆ ಫೋನ್ ಮಾಡಿದೆ. ಅವರು ಗೊಣಗಿ ಒಪ್ಪಿದರು. ಬೀದಿಯ ಅಂಗಡಿಯಿಂದ ಚಿತ್ರ ಬರೆಯುವ ದೊಡ್ಡ ಖಾಲಿ ಪುಸ್ತಕವನ್ನೂ ದಪ್ಪ ತುದಿಯ ಕಪ್ಪು ಪೆನ್ನನ್ನೂ ತಂದೆ. ಒಂದು ಪುಟಕ್ಕೆ ಒಬ್ಬರು, ಅಂಗೈಯಗಲದ ಅಂಕಿಗಳು. ಮೊದಲ ಪುಟ ಬರೆದು ಅವಳ ಮುಂದೆ ಹಿಡಿದೆ. ಕುರ್ಚಿಯಿಂದ ಏಳದೆ, ಕಣ್ಣು ಕಿರಿದು ಮಾಡದೆ, ಒಂದೂ ತಪ್ಪದೆ ಓದಿದಳು. ಓದಿ ಮುಗಿಸಿ ಎದ್ದು ನೀಲಿ ಥಾನು ಬಿಡಿಸಿದಳು.

ನಾನು ಎರಡನೆಯ ನರ್ಸಿನ ರೆಕಾರ್ಡ್ ಹಾಕಿ, ಭುಜ ಬರುವವರೆಗೂ ಅವಳ ತಂಗಿಯ ಬಾಣಂತನದ ಕತೆ ಕೇಳುತ್ತಾ ಕಾದೆ.