ಏಳನೇ ಮನೆಯ ಪರದೆಗಳು

ಪರದೆ ಅಂಗಡಿಯ ಒಳಗೋಡೆಗೆ ಯಜಮಾನರ ಸೊಸೆ ಒಂದು ದೊಡ್ಡ ಹಾಳೆ ಅಂಟಿಸಿದಳು. ಹೋದ ವರ್ಷದ ಕ್ಯಾಲೆಂಡರಿನ ಹಿಂಬದಿ ಅದು. ತಿಂಗಳ ನಾಲ್ಕು ವಾರಕ್ಕೆ ನಾಲ್ಕು ಗೆರೆ ಎಳೆದು, ಯಾವ ವಾರ ಯಾರು ಏನು ಮಾಡಬೇಕೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮೊದಲ ವಾರ ಮುಂದಿನ ಗಾಜಿನಲ್ಲಿ ಹೊಸ ಬಟ್ಟೆ ತೂಗುಹಾಕುವುದು, ಎರಡನೇ ವಾರ ಹಳೇ ಗಿರಾಕಿಗಳ ಪಟ್ಟಿ ಮಾಡುವುದು, ಮೂರು ಮತ್ತು ನಾಲ್ಕನೇ ವಾರ ಆ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವುದು. ಕೆಳಗೆ ಎರಡು ಸಲ ಗೆರೆ ಹಾಕಿದ ಒಂದು ಮಾತಿತ್ತು: ಗುರಿ, ನಲವತ್ತು ಕಿಟಕಿ.

"ಏನಮ್ಮಾ ಇದು, ಯುದ್ಧಕ್ಕೆ ಹೊರಟ ಹಾಗಿದೆ?" ಎಂದರು ಯಜಮಾನರು.

"ವ್ಯಾಪಾರ ಅಂದ್ರೆ ಬಾಗಿಲು ತೆಗೆದು ಕೂತ್ಕೊಳ್ಳೋದಲ್ಲ ಮಾವ. ಯಾರಿಗೆ ಮಾರ್ಬೇಕು, ಯಾವಾಗ ಮಾರ್ಬೇಕು ಅಂತ ಮೊದ್ಲೇ ಯೋಚಿಸ್ಬೇಕು."

"ಬಾಗಿಲು ತೆಗೆದು ಕೂತೇ ನಿನ್ನ ಗಂಡನ್ನ ಸಾಕಿದ್ದು."

"ಅದಕ್ಕೇ ಅವರೂ ಎಲ್ಲಿ ಹೋದ್ರೂ ಕೂತೇ ಇರ್ತಾರೆ."

ಹಿಂದೆ ಮಿಶಿನ್ ತುಳಿಯುತ್ತಿದ್ದ ಹೊಲಿಗೆಯಕ್ಕ ನಗು ತಡೆಯಲಾರದೆ ದಾರ ಕಡಿದುಕೊಂಡಳು. ಕಿಟಕಿ ಅಳೆಯುವ ಟೇಪಣ್ಣ ಮಾತ್ರ ನಗಲಿಲ್ಲ. ಅವನ ಕಣ್ಣು ಹಾಳೆಯ ಕೊನೇ ಸಾಲಿನ ಮೇಲಿತ್ತು. ಅವನು ಓದಿದ್ದು ಎರಡನೇ ಕ್ಲಾಸು, ಕೂಡಿಸಿ ಕೂಡಿಸಿ ಓದಬೇಕು. ಓದಿ ಮುಗಿಸಿ, ಬೆರಳಿಟ್ಟು ಇನ್ನೊಂದು ಸಲ ಓದಿದ. ನಲವತ್ತು ಆಗದಿದ್ದರೆ ಮನೆಗೆ ಹೋಗಿ ಅಳತೆ ತೆಗೆಯುವುದು ನಿಲ್ಲಿಸುವುದು, ಇನ್ನು ಮುಂದೆ ಬರೀ ರೆಡಿಮೇಡ್ ಪರದೆ, ಟೇಪಣ್ಣ ಕೌಂಟರಿನಲ್ಲಿ ಕೂತು ಪೊಟ್ಟಣ ಕಟ್ಟುವುದು.

ಮೂವತ್ನಾಲ್ಕು ವರ್ಷದಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಊರಿನ ಕಿಟಕಿಗಳನ್ನೆಲ್ಲ ಅಳೆದವನು ಅವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋದ ಹಾಗಿತ್ತು. ನಡೆದು ನಡೆದು ಗಟ್ಟಿಯಾದ ಕಾಲು. ಅದನ್ನು ಸ್ಟೂಲಿನ ಮೇಲೆ ಇಳಿಬಿಟ್ಟು ಕೂರುವುದೆಂದರೆ ಅವನಿಗೆ ಆರೋಗ್ಯವಿದ್ದೂ ಕಾಯಿಲೆ ಬಿದ್ದ ಹಾಗೆ.

"ನಿಮ್ಮ ಮೇಲೆ ಕೋಪ ಇಲ್ಲ ಟೇಪಣ್ಣ," ಎಂದಳು ಸೊಸೆ. ಮದುವೆಗೆ ಮುಂಚೆ ಅವಳು ದೊಡ್ಡ ಅಂಗಡಿಯೊಂದರಲ್ಲಿ ಎರಡು ವರ್ಷ ಮಾರಾಟದ ಕೆಲಸ ಮಾಡಿದವಳು. "ನೀವು ದಿನವಿಡೀ ಓಡಾಡ್ತೀರಿ. ಅದ್ರಿಂದ ಎಷ್ಟು ಕಿಟಕಿ ಬರುತ್ತೆ ಅಂತ ಯಾರೂ ನೋಡಿಲ್ಲ. ಈ ತಿಂಗಳು ನೋಡೋಣ."

"ನೋಡು ತಾಯಿ," ಎಂದ. 

ಎರಡನೇ ವಾರ ಪಟ್ಟಿ ಮಾಡಲು ಕೂತಾಗ ಗೊತ್ತಾಯಿತು, ಅಂಗಡಿಯಲ್ಲಿ ಹಳೇ ಗಿರಾಕಿಗಳ ವಿಳಾಸ ಬರೆದಿಟ್ಟ ಪುಸ್ತಕವೇ ಇಲ್ಲ. ಸೊಸೆ ತಲೆಗೆ ಕೈಹೊತ್ತಳು. ಆಗ ಟೇಪಣ್ಣ ಮೆಲ್ಲಗೆ, "ಬರ್ಕೊಳ್ತೀಯಾ, ಹೇಳ್ಲಾ?" ಎಂದ.

ಹೇಳತೊಡಗಿದ. ಬಸ್ ನಿಲ್ದಾಣದ ಎದುರಿನ ಡಾಕ್ಟರ ಮನೆ, ಐದು ಕಿಟಕಿ, ನೀಲಿ ಬಟ್ಟೆ, ಹಾಕಿ ಆರು ವರ್ಷ. ಪಡುವಣ ಬಿಸಿಲು ಹೊಡೆಯುತ್ತದೆ, ಬಣ್ಣ ಹೋಗಿರುತ್ತದೆ. ಅದರ ಪಕ್ಕ ಲಾಯರು, ಮೂರು ಕಿಟಕಿ, ಅವರಲ್ಲಿ ಬೆಕ್ಕಿದೆ, ಕೆಳಗಿನ ಅಂಚು ಚಿಂದಿಯಾಗಿರುತ್ತದೆ. ಮೂಲೆಮನೆಯವರು ಮಗಳ ಕೋಣೆಗೆ ಬೇರೆ ಹಾಕಿಸಬೇಕು ಅಂದಿದ್ದರು, ಆ ಮಗಳು ಈಗ ಕಾಲೇಜು. ಹೀಗೆ ಬೀದಿ ಬೀದಿಯಾಗಿ, ಮನೆ ಬಿಡದೆ. ಸೊಸೆಯ ಪೆನ್ನು ಬಿಸಿಯಾಯಿತು.

"ಅಂಚೆ ಕಚೇರಿ ಹಿಂದಿನ ಬೀದಿ. ಐದನೇ ಮನೆ, ಎರಡು ಕಿಟಕಿ. ಆರನೇ ಮನೆ, ನಾಲ್ಕು. ಎಂಟನೇ ಮನೆ..."

"ಏಳು?"

ಟೇಪಣ್ಣ ಟೇಪಿನ ತುದಿ ತಿರುವಿದ. "ಅಲ್ಲಿ ಕಿಟಕಿ ಇಲ್ಲ."

"ಕಿಟಕಿ ಇಲ್ದೆ ಇರೋಕೆ ಅದೇನು ಮನೆನಾ, ಗೋಡೌನಾ?"

"ಬರ್ಕೋ ತಾಯಿ, ಎಂಟನೇ ಮನೆ, ಮೂರು ಕಿಟಕಿ."

ಸೊಸೆ ಬರೆದುಕೊಂಡಳು. ಏಳರ ಜಾಗ ಮಾತ್ರ ಖಾಲಿ ಬಿಟ್ಟಳು.

ಆ ಮನೆಯಲ್ಲಿ ಕಿಟಕಿ ಆರು ಇದ್ದವು. ಲೆಕ್ಕದ ಟೀಚರ ಮನೆ ಅದು. ಹನ್ನೊಂದು ವರ್ಷದ ಹಿಂದೆ ಟೇಪಣ್ಣನ ಹಳೇ ಟೇಪಿನ ತುದಿ ಸವೆದು, ಮೊದಲ ನಾಲ್ಕಿಂಚು ಹರಿದುಹೋಗಿತ್ತು. ಹೊಸದು ಕೊಳ್ಳಲು ಸೋಮಾರಿತನ. ಅಳೆದು, ಬಂದದ್ದರಲ್ಲಿ ನಾಲ್ಕು ಕಳೆದು ಬರೆಯುವುದು ರೂಢಿ ಮಾಡಿಕೊಂಡಿದ್ದ. ಟೀಚರ ಮನೆಯಲ್ಲೂ ಕಳೆದೇ ಬರೆದ. ಅಂಗಡಿಗೆ ಬಂದು ಹೊಲಿಗೆಯಕ್ಕನಿಗೆ ಚೀಟಿ ಓದಿ ಹೇಳುವಾಗ ಇನ್ನೊಂದು ಸಲ ಕಳೆದ. ಪರದೆ ನೇತುಹಾಕಿದಾಗ ಆರಕ್ಕೆ ಆರೂ ಕಿಟಕಿಯ ಕೆಳಗಂಚು ಮುಟ್ಟದೆ, ಬೆಳೆದ ಹುಡುಗನ ಹಳೇ ಪ್ಯಾಂಟಿನ ಹಾಗೆ ಮೇಲೇ ನಿಂತವು. ಟೀಚರು ಬೈದಿದ್ದರೆ ಆ ಕ್ಷಣವೇ ಬಿಚ್ಚಿ ತಂದು ಬೇರೆ ಹೊಲಿಸುತ್ತಿದ್ದ. ಅವರು "ಇರ್ಲಿ ಬಿಡಿ" ಎಂದು ದುಡ್ಡು ಕೊಟ್ಟು ಕಳಿಸಿದರು. ಆ ಒಂದು ಮಾತಿಗೆ ಅವನು ಇಷ್ಟು ವರ್ಷ ಆ ಬೀದಿಯಲ್ಲಿ ಎದುರು ಬದಿಯಲ್ಲೇ ನಡೆದ. ಯಜಮಾನರಿಗೂ ಹೇಳಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿತ್ತು. ಹಾಳೆಯ ಮೇಲೆ ಮೂವತ್ತೇಳು ಕಿಟಕಿಗೆ ಟಿಕ್ ಬಿದ್ದಿತ್ತು. ಪಟ್ಟಿಯ ಮನೆಗಳೆಲ್ಲ ಮುಗಿದಿದ್ದವು. ಯಜಮಾನರು, "ಮೂರು ತಾನೇ, ಆಯ್ತು ಅಂತ ಬರ್ಕೋ" ಎಂದರು. ಸೊಸೆ ಒಪ್ಪಲಿಲ್ಲ. "ಹಾಗೆ ಬರ್ಕೊಳ್ಳೋದಾದ್ರೆ ಹಾಳೆ ಯಾಕೆ ಮಾವ?" ಅವಳ ಮುಖವೂ ಸಪ್ಪಗಿತ್ತು. ಪೊಟ್ಟಣ ಕಟ್ಟುವ ಸ್ಟೂಲನ್ನು ಕೌಂಟರಿನ ಹತ್ತಿರ ಆಗಲೇ ಯಾರೋ ತಂದಿಟ್ಟಿದ್ದರು.

ಟೇಪಣ್ಣ ಆ ಸ್ಟೂಲನ್ನು ಒಂದು ಸಲ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಏಳನೇ ಮನೆಯ ಬಾಗಿಲು ತೆಗೆದ ಟೀಚರಿಗೆ ಈಗ ತಲೆಯೆಲ್ಲ ಬೆಳ್ಳಗಾಗಿತ್ತು. ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದರು.

"ಓಹೋ, ನಾಲ್ಕಿಂಚಿನವರು!"

ಟೇಪಣ್ಣ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಒಳಗೆ ಅದೇ ಪರದೆಗಳು, ಬಣ್ಣ ಮಾಸಿ ನೇತಾಡುತ್ತಿದ್ದವು. ಪ್ರತಿಯೊಂದರ ಕೆಳಗೂ ಚೌಕಳಿ ಮೇಜುಬಟ್ಟೆಯ ಪಟ್ಟಿಯೊಂದನ್ನು ಕೈಹೊಲಿಗೆಯಲ್ಲಿ ಸೇರಿಸಲಾಗಿತ್ತು. ಅಳೆಯಬೇಕಾಗಿಯೇ ಇರಲಿಲ್ಲ. ಸರಿಯಾಗಿ ನಾಲ್ಕಿಂಚು.

"ಟೀಚರಮ್ಮ, ತಪ್ಪು ನನ್ನದು. ಕಳೆದದ್ದನ್ನೇ..."

"ಕಳೆದದ್ದನ್ನೇ ಮತ್ತೆ ಕಳೆದಿರಿ. ಅವತ್ತೇ ಗೊತ್ತಾಯ್ತು. ನಿಮ್ಮ ಹರಕು ಟೇಪು ನೋಡಿದ್ದೆನಲ್ಲ. ಒಂದೊಂದು ಒಂದೊಂದು ಥರ ಇದ್ದಿದ್ರೆ ಜಾಡಿಸ್ತಿದ್ದೆ. ಆರೂ ಒಂದೇ ಅಳತೆ ಗಿಡ್ಡ. ಅಳೆಯೋಕೆ ಬರ್ದೇ ಇರೋನು ಹಾಗೆ ತಪ್ಪು ಮಾಡಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ಮ ಮುಖ ಆಗ್ಲೇ ಅಳೋ ಹಾಗಿತ್ತು. ರಾತ್ರಿ ನಿದ್ದೆ ಮಾಡಿ ನಾಳೆ ಇವರೇ ಬರ್ತಾರೆ ಅಂದ್ಕೊಂಡೆ. ನಾಳೆ ಆಗೋಕೆ ಹನ್ನೊಂದು ವರ್ಷ ಬೇಕಾಯ್ತಾ?"

ಟೇಪಣ್ಣ ನೆಲ ನೋಡಿದ. ಆಮೇಲೆ ನಗು ಬಂತು, ತಾನಾಗಿ. ಟೀಚರೂ ನಕ್ಕರು.

"ಬಿಸಿಲಿಗೆ ಬಟ್ಟೆ ಪುಡಿಯಾಗ್ತಿದೆ. ಬದಲಾಯಿಸ್ಬೇಕು ಅಂತಿದ್ದೆ. ಅಳೀರಿ. ಆದ್ರೆ ನಾನು ಇನ್ನೊಂದು ತುದಿ ಹಿಡ್ಕೋತೀನಿ."

ಒಂದೊಂದು ಕಿಟಕಿಗೂ ಅವರು ಅಂಕಿ ಗಟ್ಟಿಯಾಗಿ ಓದಿದರು. ಕ್ಲಾಸಿನಲ್ಲಿ ಮಗ್ಗಿ ಹೇಳಿಸುವ ಹಾಗೆ ಅವನಿಂದಲೂ ಹೇಳಿಸಿದರು. ಚೀಟಿ ತಾವೇ ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಇದರಲ್ಲಿ ಏನನ್ನೂ ಕಳೆಯಬಾರದು. ಐದು ಕಿಟಕಿ ಅಳೆದು ಅಡುಗೆಮನೆಗೆ ಬಂದಾಗ ತಡೆದರು. "ಇದು ಹೀಗೇ ಇರ್ಲಿ. ಆ ಚೌಕಳಿ ನನಗೆ ಚೆನ್ನಾಗಿ ಕಾಣುತ್ತೆ."

ಅಂಗಡಿಗೆ ಬಂದು ಟೇಪಣ್ಣ ಚೀಟಿ ಕೊಟ್ಟ. ಹೊಲಿಗೆಯಕ್ಕ ಕೊನೇ ಸಾಲು ಓದಿ, "ಇದ್ಯಾವ ಲೆಕ್ಕ?" ಎಂದಳು. ಆಗ ಅವನು ಎಲ್ಲವನ್ನೂ ಹೇಳಿದ, ಹರಿದ ಟೇಪಿನಿಂದ ಹಿಡಿದು, ಒಂದನ್ನೂ ಮುಚ್ಚಿಡದೆ. ಸೊಸೆ ಕೇಳುತ್ತಲೇ ಖಾಲಿ ಬಿಟ್ಟಿದ್ದ ಏಳರ ಜಾಗ ತುಂಬಿಸಿದಳು. ಹಾಳೆಯ ಮೇಲೆ ಐದು ಟಿಕ್ ಹಾಕಿದಳು. ನಲವತ್ತೆರಡು. ಸ್ಟೂಲನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

"ಟೇಪಣ್ಣ, ಇಂಥ ಮನೆ ಇನ್ನೂ ಇವೆಯಾ? ನಾವು ಎಡವಟ್ಟು ಮಾಡಿ, ಆಮೇಲೆ ತಲೆ ಹಾಕದೇ ಇರೋ ಮನೆ?"

ಟೇಪಣ್ಣ ಯಜಮಾನರ ಕಡೆ ನೋಡಿದ. ಯಜಮಾನರು ಬಟ್ಟೆಯ ಥಾನೊಂದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

"ಇವೆ ತಾಯಿ."

"ಹಾಗಾದ್ರೆ ಬರೋ ತಿಂಗಳ ಮೊದಲ ವಾರ ಅವರದ್ದೇ. ಅವರು ಒಂದು ಸಲ ನಮ್ಮನ್ನ ನಂಬಿದ್ರಲ್ಲ." ಹೊಸ ಹಾಳೆ ಎಳೆದುಕೊಂಡು ಗೆರೆ ಹಾಕಿದಳು. "ಹೇಳಿ."

"ನಿಧಾನ," ಎಂದರು ಯಜಮಾನರು. "ಅದ್ರಲ್ಲಿ ನನ್ನ ಎಡವಟ್ಟುಗಳೂ ಬರ್ತಾವಾ?"

"ನನ್ನವು ನಾಲ್ಕು ಮನೆ," ಎಂದ ಟೇಪಣ್ಣ. "ನಿಮ್ಮವಕ್ಕೆ ಬೇರೆ ಹಾಳೆ ಬೇಕಾಗ್ಬಹುದು. ಮೊದಲ್ನೇದು ಫೋಟೋ ಸ್ಟುಡಿಯೋ. ಕತ್ತಲೆ ಕೋಣೆಗೆ ಪರದೆ ಕೇಳಿದ್ರೆ ಬಿಳೀ ಜಾಲರಿ ಕಳಿಸಿದ್ದಿರಿ."

ಮಿಶಿನ್ ನಿಂತಿತು. ಹೊಲಿಗೆಯಕ್ಕನ ಭುಜ ಕುಲುಕುತ್ತಿತ್ತು. ಸೊಸೆ ಮುಖ ಗಂಭೀರ ಮಾಡಿಕೊಂಡು ಬರೆದಳು: ಸ್ಟುಡಿಯೋ, ಜಾಲರಿ.

"ಮೂರು ಕಿಟಕಿ ಅದು," ಎಂದು ಟೇಪಣ್ಣ ಟೇಪು ಕುತ್ತಿಗೆಗೆ ಹಾಕಿಕೊಂಡ. "ಆದ್ರೆ ಅಲ್ಲಿಗೆ ನಾನೊಬ್ನೇ ಹೋಗಲ್ಲ. ಇನ್ನೊಂದು ತುದಿ ಹಿಡಿಯೋಕೆ ನೀವೂ ಬರ್ಬೇಕು."

ಯಜಮಾನರು ಏನೋ ಹೇಳಲು ಹೋದರು. ಸೊಸೆಯ ಪೆನ್ನು ಅವರನ್ನೇ ಕಾಯುತ್ತಿತ್ತು. ಥಾನು ಕೆಳಗಿಟ್ಟು ಚಪ್ಪಲಿ ಹುಡುಕಿದರು.