ಸೀಳಿದ ತೋಟಾ

"ತಲೆ ಹಿಡ್ಕಳ್ಲಾ, ವಾಲ್ತೈತೆ," ಎಂದು ಚನ್ನಮಲ್ಲಯ್ಯ ಪಕ್ಕದವನನ್ನು ಗದರಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣ ನಾಗಲಿಂಗಯ್ಯನ ಹೆಣಕ್ಕೆ ಅವನು ವಿಭೂತಿ ಬಳಿಯುತ್ತಿದ್ದ. ಸತ್ತವನ ಹೆಂಡತಿ ಸರ್ವಮಂಗಳಾ ಕಂಬಕ್ಕೆ ಆನಿಕೊಂಡು ನೋಡುತ್ತಿದ್ದಳು. ಅಳು ಬಂದಿರಲಿಲ್ಲ.

ಮಾಂಸ ಮುಟ್ಟದ ಮನೆಯವನಾದರೂ ಮಿಡಿಗೇಶಿ ಸುತ್ತಿನ ಹಂದಿ ಬೇಟೆಯವರಿಗೆಲ್ಲ ಹಿತ್ತಾಳೆ ತೋಟಾಗಳಿಗೆ ಮದ್ದು ತುಂಬಿಕೊಡುತ್ತಿದ್ದವನು ನಾಗಲಿಂಗಯ್ಯ. ಒಂಬತ್ತು ವರ್ಷದ ಹಿಂದೆ ಅವನು ಕೊಟ್ಟ ತೋಟಾ ಕೋವಿಯೊಳಗೇ ಸೀಳಿ ದೊಡ್ಡರಂಗಪ್ಪನ ಬಲಗಣ್ಣು ಹೋಯಿತು. ಆಮೇಲೆ ತೋಟಾ ಕೇಳಿ ಯಾರೂ ಅವನ ಬಾಗಿಲಿಗೆ ಬರಲಿಲ್ಲ.

"ದೊಡ್ಡರಂಗಪ್ಪ ಬತ್ತಾನಾ?" ಎಂದಳು ನೆರೆಮನೆಯ ಇಂದ್ರಮ್ಮ.

"ನೋಡಕ್ಕೆ ಇನ್ನೊಂದು ಕಣ್ಣೈತಲ್ಲ, ಬತ್ತಾನೆ ಬುಡು," ಎಂದ ಚನ್ನಮಲ್ಲಯ್ಯ.

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

*

ಕಣ್ಣು ಹೋದ ಮಾರನೆಯ ದಿನ ನಾಗಲಿಂಗಯ್ಯ ಚೀಲದಲ್ಲಿ ಉಳಿದಿದ್ದ ತೋಟಾಗಳನ್ನು ಬಿಸಿಲಿಗೆ ಹಿಡಿದು ಒಂದೊಂದನ್ನೇ ತಿರುಗಿಸಿದ್ದ. ಹಿತ್ತಾಳೆಯಲ್ಲಿ ಕೂದಲಿನಂಥ ಬಿರುಕು.

"ಈ ಚೀಲ ಎಲ್ಲಿಟ್ಟಿದ್ದೆ?" ಎಂದು ಹೆಂಡತಿಯನ್ನು ಕೇಳಿದ.

"ಒಲೆ ಹತ್ರ ಮದ್ದು ಬ್ಯಾಡ ಅಂತ ಮಳೆಗಾಲ ಪೂರಾ ಕೊಟ್ಟಿಗೇಲಿ ನೇತಾಕಿದ್ದೆ. ಮೊನ್ನೆ ತಂದು ಗೂಟಕ್ಕೆ ತಗಲಾಕ್ದೆ. ಯಾಕೆ?"

ಮಹಾರಾಜರ ಕುದುರೆ ಪಡೆಯಲ್ಲಿದ್ದಾಗ, ಲಾಯದ ಪಕ್ಕ ಇಟ್ಟ ತೋಟಾಗಳು ಮಳೆಗಾಲದಲ್ಲಿ ಹೀಗೇ ಬಿರಿದದ್ದನ್ನು ಅವನು ಕಂಡಿದ್ದ.

"ಗಂಜಲದ ಗಾಳಿ ಹಿತ್ತಾಳೇನ ತಿಂತೈತೆ ಕಣೇ," ಎಂದ. ಚೀಲದ ಬಾಯಿ ಕಟ್ಟುತ್ತ, "ಯಾರ್ಗೂ ಹೇಳ್ಬ್ಯಾಡ. ಕೊಡೋ ಮುಂಚೆ ನಾನು ನೋಡ್ಬೇಕಿತ್ತು."

ಮದ್ದು ಜಾಸ್ತಿ ತುಂಬಿದ ಎಂದು ಊರು ಆಡಿಕೊಂಡಿತು. ಅವನು ಇಲ್ಲವೆನ್ನಲಿಲ್ಲ. ಅವಳೂ ಎನ್ನಲಿಲ್ಲ.

*

ಹೊಲದ ಗುಳಿಯಲ್ಲಿ ಹೆಣವನ್ನು ಕೂರಿಸಿ ಎಡಗೈಯಲ್ಲಿ ಲಿಂಗ ಇಟ್ಟರು. ದೊಡ್ಡರಂಗಪ್ಪ ಬಂದ. ಜನ ದಾರಿ ಬಿಟ್ಟರು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

"ಮದ್ದು ಜಾಸ್ತಿ ಬಿತ್ತು. ಕೈತಪ್ಪು, ಹೋಗ್ಲಿ. ಅಯ್ನೋರ ಮ್ಯಾಲೆ ನಂಗೆ ಸಿಟ್ಟಿಲ್ಲ ಬುಡಿ."

"ದೊಡ್ಡ ಗುಣ ಕಣಪ್ಪ ನಿಂದು," ಎಂದ ಚನ್ನಮಲ್ಲಯ್ಯ.

ಸರ್ವಮಂಗಳಾ ಗುಳಿಯೊಳಗೆ ನೋಡಿದಳು. ಮಣ್ಣು ಮುಚ್ಚಿದರೆ ಗಂಡನ ಹೆಸರಿಗೆ ಆ ಮಾತೇ ಉಳಿಯುತ್ತದೆ.

"ಅವರ ಕೈ ತಪ್ಪಿರಲಿಲ್ಲ ರಂಗಪ್ಪಣ್ಣ," ಎಂದಳು. ಧ್ವನಿ ಏರಲಿಲ್ಲ. "ಮದ್ದು ಸರಿಯಾಗೇ ಇತ್ತು. ತೋಟಾನ ಕೊಟ್ಟಿಗೇಲಿಟ್ಟು ಕೆಡಿಸ್ದೋಳು ನಾನು."

"ಅವ್ರಿಗೆ ಗೊತ್ತಿತ್ತಾ?" ಎಂದ ದೊಡ್ಡರಂಗಪ್ಪ.

"ಮಾರ್ನೇ ದಿನಾನೇ."

ಚನ್ನಮಲ್ಲಯ್ಯ, "ಹೊತ್ತಾಯ್ತು, ಎಳೀರ್ಲಾ ಮಣ್ಣ," ಎಂದ. ಸನಿಕೆಗಳು ಆಡತೊಡಗಿದವು. ದೊಡ್ಡರಂಗಪ್ಪ ಮುಷ್ಟಿಯನ್ನು ಮುಂದೆ ಚಾಚಲೂ ಇಲ್ಲ, ಹಿಂದೆ ತೆಗೆಯಲೂ ಇಲ್ಲ. ಬೆರಳ ಸಂದಿಯಿಂದ ಒಣ ಮಣ್ಣು ಸಣ್ಣಗೆ ಸೋರಿ ಅವನ ಪಾದದ ಮೇಲೇ ಬೀಳುತ್ತಿತ್ತು.