ನೆಲ ಮುಟ್ಟದ ಗಿಟಾರು

ತವರಿನಿಂದ ಬಂದ ಸಾಮಾನುಗಳಲ್ಲಿ ನಮ್ಮ ಅತ್ತೆ ಕೈಮುಗಿದು ಒಳಗೆ ಕರೆದುಕೊಂಡದ್ದು ಗಿಟಾರನ್ನು ಮಾತ್ರ. ಮದುವೆಯಾಗಿ ಗಂಡನ ಊರು ತುರೋರಿಗೆ ಬಂದ ದಿನ ನನಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಗಿಟಾರು ನನ್ನ ಅಣ್ಣನ ಮಗಳದು. ಬಸವಕಲ್ಯಾಣದಲ್ಲಿ ಆಕೆ ಒಂದು ಬೇಸಿಗೆ ರಜೆಯಲ್ಲಿ ಅದರ ಬೆನ್ನು ಹತ್ತಿ, ಮುಂದಿನ ರಜೆಗೆ ಬ್ಯಾಡ್ಮಿಂಟನ್ ಹಿಡಿದಳು. ತವರಿಗೆ ಹೋದಾಗಲೆಲ್ಲ ನಾನು ಕಪಾಟಿನ ಮೇಲಿದ್ದ ಅದನ್ನು ನೋಡುತ್ತ ನಿಲ್ಲುವುದನ್ನು ಕಂಡು ಅಣ್ಣ ಧನರಾಜ ಉಮರ್ಗಾ ಬಸ್ಸಿಗೆ ಹಾಕಿ ಕಳಿಸಿದ. ನಮ್ಮನೆಯವರು, ಅಂದರೆ ಉಮಾಕಾಂತ, ಉಮರ್ಗಾಕ್ಕೆ ಬೈಕಿನಲ್ಲಿ ಹೋಗಿ ಬೆನ್ನಿಗೆ ಕಟ್ಟಿಕೊಂಡು ತಂದರು. ಹೆದ್ದಾರಿಯ ಚಹಾದಂಗಡಿಯವರೆಲ್ಲ ಎದ್ದು ನಿಂತು ನೋಡಿದರಂತೆ.

ನನಗೆ ನಲವತ್ತು ದಾಟಿದೆ. ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು, ಊರವರ ಬ್ಲೌಸು ಹೊಲಿಯುವುದು ಎಲ್ಲ ಬರುತ್ತದೆ. ಯಾವುದನ್ನೂ ಬೇಕೆಂದು ಕಲಿತದ್ದಲ್ಲ, ತಲೆಯ ಮೇಲೆ ಬಿತ್ತು, ಕಲಿತೆ. ಆಸೆಪಟ್ಟು ಕಲಿಯಲು ಹೊರಟದ್ದು ಇದೊಂದನ್ನೇ. ಹಾಗಾಗಿ ಗಿಟಾರು ನನಗೆ ಎಷ್ಟು ಬೇಕಾಗಿತ್ತೆಂದು ಬಾಯಿಬಿಟ್ಟು ಹೇಳುವುದಕ್ಕೂ ನಾಚಿಕೆಯಾಗುತ್ತಿತ್ತು.

ಅತ್ತೆ ಶಿವಗಂಗಾಬಾಯಿ ಅದರ ಸುತ್ತ ಒಂದು ಸುತ್ತು ಬಂದರು.

"ತಂತಿ ಅದಾವ, ಹೊಟ್ಟಿ ಪೊಳ್ಳ ಅದ. ಅಂದಮ್ಯಾಲ ಇದು ವೀಣಾನೇ," ಅಂದು ಅದರ ಹೊಟ್ಟೆಯ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದೇಬಿಟ್ಟರು.

ಇಲ್ಲಿ ನಮ್ಮೂರಿನ ಪದ್ಧತಿ ಹೇಳಬೇಕು. ಪ್ರತಿ ಶ್ರಾವಣದಲ್ಲಿ ಶಿವನ ಗುಡಿಯಲ್ಲಿ ಒಂದು ವಾರ ಹಗಲು ರಾತ್ರಿ ಭಜನೆ ನಡೆಯುತ್ತದೆ, ಸಪ್ತಾಹ ಅನ್ನುತ್ತೇವೆ. ಸೋರೆಬುರುಡೆಗೆ ಕೋಲು ಸಿಕ್ಕಿಸಿದ ವೀಣೆಯೊಂದನ್ನು ಕೊರಳಿಗೆ ಹಾಕಿಕೊಂಡು ಯಾರಾದರೊಬ್ಬರು ನಿಂತೇ ಇರಬೇಕು. ಅದು ನೆಲ ಮುಟ್ಟುವಂತಿಲ್ಲ. ಒಬ್ಬರ ಪಹಾರಾ, ಅಂದರೆ ಕಾವಲಿನ ಸರದಿ, ಮುಗಿದರೆ ಇನ್ನೊಬ್ಬರು ಬಂದು, ಇಬ್ಬರೂ ಪರಸ್ಪರ ಕಾಲು ಮುಟ್ಟಿ, ವೀಣೆ ಕೊರಳಿಂದ ಕೊರಳಿಗೆ ದಾಟಬೇಕು. ಅಲ್ಲಿ ಹಿರಿಯ, ಕಿರಿಯ ಅಂತ ಇಲ್ಲ.

ಒಂದು ವಾರದ ಈ ನೇಮವನ್ನು ಅತ್ತೆ ನನ್ನ ಗಿಟಾರಿಗೆ ವರ್ಷಪೂರ್ತಿ ಹಚ್ಚಿದರು.

"ಒಮ್ಮಿ ಕೊಳ್ಳಾಗ ಹಾಕ್ಕೊಂಡಿ ಅಂದ್ರ ಸಂಜಿ ದೀಪ ಹಚ್ಚೋತನಾ ಇಳಸಬ್ಯಾಡ. ದೀಪ ಹಚ್ಚಿದ ಮ್ಯಾಲ ದೇವರ ಖೋಲ್ಯಾಗ ಗೂಟಕ್ಕ ಹಾಕು. ನಡುವ ಕೆಲಸ ಬಂದ್ರ ಯಾರ್ದರೆ ಕೊಳ್ಳಿಗಿ ಕೊಡು."

"ಅತ್ತಿ, ಇದು ಗಿಟಾರ್ ಅದರೀ."

"ಹೆಸರು ಏನರೆ ಇರಲಿ. ನೀ ನಮ್ಮ ಮನಿಗಿ ಬಂದಿ, ನಮ್ಮ ಪದ್ಧತಿ ಹಿಡಿದಿ. ಇದೂ ಹಿಡೀಲಿ."

ಮರುದಿನ ಗಿಟಾರು ಕೊರಳಲ್ಲಿರುವಾಗಲೇ ಕುಕ್ಕರ್ ಕೂಗಿತು. ಹೊಲದಿಂದ ಬಂದ ನಮ್ಮನೆಯವರನ್ನು ಕರೆದೆ. ಅವರು ಕಿಸಕ್ಕನೆ ನಕ್ಕು, ಬಗ್ಗಿ ನನ್ನ ಕಾಲು ಮುಟ್ಟಿ ಗಿಟಾರು ತೆಗೆದುಕೊಂಡರು. ಮಗ ಹೆಂಡತಿಯ ಕಾಲಿಗೆ ಬಗ್ಗಿದ್ದನ್ನು ನೋಡಿ ಅತ್ತೆಯ ಮುಖ ಹುಣಸೆಹಣ್ಣು ತಿಂದಂತಾಯಿತು. ಆದರೆ ನೇಮ ಅವರದೇ.

"ಆಕಿ ಕಾಲಿಗಲ್ಲವ್ವಾ, ನಿನ್ನ ವೀಣಾಕ್ಕ ಬಗ್ಗೀನಿ," ಅಂದರು ಇವರು.

ಆಮೇಲೆ ಇವರಿಗೆ ಅದೇ ಚಟವಾಯಿತು. ನನ್ನೊಡನೆ ಜಗಳವಾಡಿದ ದಿನವಂತೂ ಬೇಗ ಬಂದು "ಕೊಡು, ವೀಣಾ ಕೊಡು" ಎಂದು ಬಗ್ಗಿಬಿಡುತ್ತಿದ್ದರು. ತಪ್ಪಾಯಿತು ಅನ್ನುವುದಕ್ಕಿಂತ ಅದು ಸುಲಭ ನೋಡಿ.

ಅತ್ತೆ ಮಾತ್ರ ಅದನ್ನು ಒಮ್ಮೆಯೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಾದರೆ ಸೊಸೆಯ ಕಾಲು ಮುಟ್ಟಬೇಕಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಅತ್ತಿ, ಹಾಲ ಉಕ್ಕಲಾಕತ್ತದ. ಜರಾ ಹಿಡೀರಿ ಇದನ್ನ," ಅಂದೆ.

ಅವರು ಗಿಟಾರು ನೋಡಿದರು, ನನ್ನ ಪಾದ ನೋಡಿದರು. ಮೊಣಕಾಲು ನೋವೆಂದು ವಾರದಿಂದ ಅಡುಗೆಮನೆಯ ಕಡೆ ಹಾಯದವರು ಎದ್ದು ಹೋಗಿ ತಾವೇ ಗ್ಯಾಸ್ ಆರಿಸಿದರು. ನಾನು ಅದರ ರುಚಿ ಕಂಡುಕೊಂಡೆ. ಆಮೇಲೆ ಹಾಲಿಡುವ ಹೊತ್ತಿಗೇ ಗಿಟಾರು ಕೊರಳಿಗೆ ಹಾಕುತ್ತಿದ್ದೆ ಅಂತ ಬೇಕಾದರೆ ನೀವು ಅನ್ನಬಹುದು, ನಾನು ಇಲ್ಲ ಅನ್ನುವುದಿಲ್ಲ.

ಇನ್ನು ಕಲಿಕೆ. ಫೋನಿನೊಳಗಿನ ಹುಡುಗಿಯೊಬ್ಬಳು ಮೂರು ಬೆರಳನ್ನು ಮೂರು ದಿಕ್ಕಿಗೆ ಚಾಚಿ ನಗುತ್ತ ಬಾರಿಸುತ್ತಿದ್ದಳು. ನಾನು ಚಾಚಿದರೆ ಎರಡು ಬೆರಳು ತಂತಿಯ ಮೇಲೆ ಕೂರುತ್ತಿದ್ದವು, ಮೂರನೆಯದು ಮುನಿಸಿಕೊಳ್ಳುತ್ತಿತ್ತು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದು ಒಡೆದು, ಸೂಜಿ ಹಿಡಿದರೂ ಗೊತ್ತಾಗದಷ್ಟು ಜಡ್ಡುಗಟ್ಟಿತು. ಆರು ತಂತಿಗೆ ಆರು ಸ್ವರ, ಹೊಲ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮಾತಿಲ್ಲ.

"ಇದರ ದನಿ ಕೇಳಿದ್ರ ಮನ್ಯಾಗ ಜಗಳ ಆದಂಗ ಅನಸ್ತದ," ಅಂದರು ಅತ್ತೆ ಒಂದು ದಿನ. "ಬೇಸೂರ ವಾದ್ಯ ಮನ್ಯಾಗ ಇಟ್ಕೋಬಾರ್ದು. ಶ್ರಾವಣ ಮುಗಿಯೂದ್ರಾಗ ನೆಟ್ಟಗ ನುಡೀಲಿಲ್ಲಂದ್ರ ಗುಡಿಗಿ ಕೊಟ್ಟಬಿಡಮು."

ಅತ್ತೆ ಅಂದದ್ದನ್ನು ಮಾಡುವವರು. ಮನೆಯ ಹಿತ್ತಾಳೆಯ ಹಂಡೆ ಹಾಗೆಯೇ ಗುಡಿ ಸೇರಿದೆ.

ಫೋನಿನ ಹುಡುಗಿಯ ಬಾಯಿ ಮುಚ್ಚಿಸಿ ನಾನೇ ಯೋಚಿಸಿದೆ. ಗುಡಿಯ ಹಾರ್ಮೋನಿಯಮ್ಮಿನ ಷಡ್ಜ ಯಾವುದೆಂದು ಭಜನೆ ಕೇಳಿ ಕೇಳಿ ಕಿವಿಗೆ ಗೊತ್ತಿತ್ತು. ಗಿಟಾರಿನ ತಲೆಯ ಮೇಲಿನ ತಿರುಪುಗಳನ್ನು ಒಂದೊಂದಾಗಿ ತಿರುವಿದೆ. ಒಂದು ತಂತಿ ಫಟ್ಟೆಂದು ಹರಿದು ಗಲ್ಲಕ್ಕೆ ಬಡಿಯಿತು. ಉಳಿದವುಗಳಲ್ಲಿ ಕೆಲವನ್ನು ಷಡ್ಜಕ್ಕೆ, ಕೆಲವನ್ನು ಪಂಚಮಕ್ಕೆ ತಂದು ನಿಲ್ಲಿಸಿದೆ. ಯಾವ ಪುಸ್ತಕದಲ್ಲಿ ಹೀಗೆ ಬರೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೈಯೆಳೆದರೆ ಮನೆಯೆಲ್ಲ ಗುಂಯ್ಯೆಂದಿತು. ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತಿ ಮೇಲೆ ಕೆಳಗೆ ಜಾರಿಸಿದರೆ ಭಜನೆಯ ಧಾಟಿ ಬರತೊಡಗಿತು. ನನಗೆ ಅಳು ಬಂತು, ಖುಷಿಯದು.

ಅತ್ತೆ ಹೊಸ್ತಿಲಲ್ಲಿ ನಿಂತು ಕೇಳಿ, "ಹೂಂ," ಅಂದು ಹೋದರು.

ಸಪ್ತಾಹದ ಕೊನೆಯ ದಿನ ಬೆಳಿಗ್ಗೆ ರೇವಣಸಿದ್ಧನ ಪಹಾರಾ ಇತ್ತು. ಅವನು ಊರಿಗೇ ಎತ್ತರದವನು. ವೀಣೆ ಹೆಗಲಿಗೇರಿಸಿ ಪ್ರದಕ್ಷಿಣೆ ಬರುತ್ತ ಗುಡಿಯ ಗಿಡ್ಡ ಬಾಗಿಲಲ್ಲಿ ತಾನು ಬಗ್ಗಿದ, ವೀಣೆಯನ್ನು ಬಗ್ಗಿಸಲಿಲ್ಲ. ಬುರುಡೆ ಠಪ್ಪೆಂದು ಸೀಳಿತು. ಹಾಡುವವರು ನಿಲ್ಲಿಸಲಿಲ್ಲ, ನಿಲ್ಲಿಸುವಂತಿಲ್ಲ. ಆದರೆ ಪಂಚರ ಹಿರಿಯರಾದ ಮಹಾದೇವಪ್ಪನವರ ಮುಖ ಬಿಳುಚಿತು.

ಹೆಂಗಸರ ಸಾಲಿನಿಂದ ಅತ್ತೆ ಎದ್ದರು. "ನಮ್ಮ ಮನ್ಯಾಗ ಒಂದು ವೀಣಾ ಅದ. ಉಮಾಕಾಂತಾ, ಓಡು."

ಇವರು ಗಿಟಾರನ್ನು ಕೊರಳಿಗೆ ಹಾಕಿಕೊಂಡೇ ಬೈಕಿನಲ್ಲಿ ಬಂದರು. ಅದನ್ನು ನುಡಿಸಲು ಬರುವವಳು ನಾನೊಬ್ಬಳೇ, ಹಾಗಾಗಿ ಎದ್ದು ಹೋದೆ. ಊರೆದುರು ಇವರು ನನ್ನ ಕಾಲು ಮುಟ್ಟಿದರು, ನಾನು ಇವರದು ಮುಟ್ಟಿದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ತಂತಿಯ ಮೇಲೆ ಕೈಯೆಳೆದೆ. ಹಾರ್ಮೋನಿಯಮ್ಮಿನ ಜೊತೆ ಅದು ಹಾಲಿಗೆ ಸಕ್ಕರೆ ಬಿದ್ದಂತೆ ಬೆರೆಯಿತು. ನಗುತ್ತಿದ್ದವರು ತಾಳ ಹಾಕತೊಡಗಿದರು. ಮಂಗಳಾರತಿಯವರೆಗೆ ನಿಂತೇ ಬಾರಿಸಿದೆ. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಆರತಿ ಮುಗಿದ ಮೇಲೆ ಮಹಾದೇವಪ್ಪ ಹತ್ತಿರ ಬಂದರು.

"ವಿದ್ಯಾಬಾಯಿ, ಛಂದ ನುಡಸ್ದಿ. ದೇವರ ಸೇವಾಕ್ಕ ಬಂದ ವಸ್ತು ಹೊಳ್ಳಿ ಮನಿಗಿ ಒಯ್ಯಬಾರ್ದು. ಇನ್ನ ಇದು ಗುಡ್ಯಾಗೇ ಇರಲಿ. ಆ ಗದ್ದಗಿ ಮ್ಯಾಲ ಇಡು."

ಸುತ್ತಲಿನವರೆಲ್ಲ ತಲೆಯಾಡಿಸಿದರು. ಬೇಸೂರಾಗಿ ನುಡಿದಿದ್ದರೂ ಗುಡಿಗೆ, ಸುರ ಹಿಡಿದು ನುಡಿದರೂ ಗುಡಿಗೆ. ದೇವರೆದುರು ಒಲ್ಲೆ ಅನ್ನುವಂತಿಲ್ಲ. ಕೊರಳಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತೆ. ಕಣ್ಣು ತುಂಬಿ ಬಂತು.

"ಇಡಂಗಿಲ್ಲ ಅಣ್ಣಾ," ಎಂಬ ದನಿ ಕೇಳಿತು. ಅತ್ತೆ. "ವೀಣಾ ಕೆಳಗ ಇಡಂಗಿಲ್ಲ. ಕೊಳ್ಳಿಂದ ಕೊಳ್ಳಿಗಿ ಹೋಗಬೇಕು. ಬೇಕಂದ್ರ ಬಾ, ಆಕಿ ಕಾಲ ಮುಟ್ಟಿ ತಗೋ."

ಮಹಾದೇವಪ್ಪ ನನ್ನ ಪಾದ ನೋಡಿದರು, ತಮ್ಮ ರುಮಾಲು ಸರಿಮಾಡಿಕೊಂಡರು, ಅಲ್ಲೇ ನಿಂತರು. ಆ ನೋಟ ನನಗೆ ಗೊತ್ತಿತ್ತು. ಹಾಲು ಉಕ್ಕಿದ ದಿನ ಕಂಡಿದ್ದೆ.

ಆಗ ಅತ್ತೆ ಮೊಣಕಾಲು ಹಿಡಿದುಕೊಂಡು ಮುಂದೆ ಬಂದರು. ನಾನು ಬೇಡ ಅನ್ನುವುದರೊಳಗೆ ಬಗ್ಗಿ ಎರಡೂ ಕೈಯಿಂದ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗಿಟಾರನ್ನು ಬೆನ್ನಿಗೆ ಸರಿಸಿ ನಾನು ಅವರ ಪಾದದ ಮೇಲೆ ಬಿದ್ದೇಬಿಟ್ಟೆ. ಎದ್ದಾಗ ಅವರೇ ಅದನ್ನು ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು.

"ಈಗ ಪಹಾರಾ ನಂದು," ಅಂದರು ಮಹಾದೇವಪ್ಪನವರಿಗೆ. "ಒಡದ ಬುರುಡಿ ಉದಗೀರಕ್ಕ ಕಳಸಿ ಬೇರೆ ಕೂಡಸ್ರಿ. ಮುಂದಿನ ಶ್ರಾವಣಕ್ಕ ಕರದ್ರ ಇದೂ ಬರ್ತದ, ನನ್ನ ಸೊಸಿ ಕೊಳ್ಳಾಗ."

ಗುಡಿಯಿಂದ ಮನೆಯವರೆಗೆ, ಲಾರಿಗಳು ಹಾರ್ನ್ ಹೊಡೆಯುವ ಹೆದ್ದಾರಿಯ ಅಂಚಿನಲ್ಲಿ, ಅತ್ತೆ ಗಿಟಾರು ಹಾಕಿಕೊಂಡು ಮುಂದೆ ನಡೆದರು. ನಾನು ಹಿಂದೆ ನಡೆದೆ.

ಅಂಗಳ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ದೀಪ ಹಚ್ಚುವವರೆಗೆ ಇಳಿಸುವಂತಿಲ್ಲ.

"ವಿದ್ಯಾ, ತಗೋ ಇದನ್ನ. ನಾ ಇನ್ನೊಮ್ಮಿ ಬಗ್ಗಂಗಿಲ್ಲ, ಕಾಲ ಹಿಡಕೊಂಡಾವ."

"ಎಮ್ಮಿ ಒದರಲಾಕತ್ತದರಿ ಅತ್ತಿ. ಹಿಂಡಿ ಬರ್ತೀನಿ, ತಡೀರಿ," ಅಂದು ಕೊಟ್ಟಿಗೆಗೆ ಹೋದೆ.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಒಂದು ತಂತಿ ಮಿಡಿಯಿತು. ಇನ್ನೊಂದು ಮಿಡಿಯಿತು. ಆಮೇಲೆ ಎಲ್ಲವೂ ಒಟ್ಟಿಗೆ ಗುಂಯ್ಯೆಂದವು, ಮತ್ತೊಮ್ಮೆ, ಮಗದೊಮ್ಮೆ. ಅದರ ಜೊತೆ ಸಣ್ಣದಾಗಿ ಅತ್ತೆಯ ದನಿಯೂ ಕೇಳಿತು.

ಎಮ್ಮೆ ಹಿಂಡಿ ಮುಗಿದರೂ ನಾನು ಚರಿಗೆ ಹಿಡಿದುಕೊಂಡು ಅಲ್ಲೇ ಕುಳಿತೆ. ಆ ದಿನ ನಮ್ಮ ಮನೆಯಲ್ಲಿ ದೀಪ ಹಚ್ಚುವುದು ಬಹಳ ತಡವಾಯಿತು.